ಶಾಫ್ಟಿಗೆ ಸುತ್ತಿದ ಹುರುಳಿ

ಹೊನ್ನಾಳಿ ದಾಟಿ ಚನ್ನಗಿರಿ ಕಡೆಗೆ ಸ್ವಲ್ಪ ದೂರ ಹೋದ ಮೇಲೆ ಗಾಡಿ ಕೆಟ್ಟಿತು. ಬೆಳಿಗ್ಗೆ ಹತ್ತೂವರೆ ಇರಬೇಕು. ನಮ್ಮ ಮನೆಯವರು ಓಡಿಸುತ್ತಿದ್ದರು, ನಾನು ಪಕ್ಕದಲ್ಲಿದ್ದೆ, ಹಿಂದಿನ ಸೀಟಿನಲ್ಲಿ ಅತ್ತೆ. ಚನ್ನಗಿರಿಯಲ್ಲಿರುವ ತಮ್ಮ ತಂಗಿಯನ್ನು ನೋಡಲು ಅವರು ಹೊರಟಿದ್ದರು. ಗೋವಿನಕೋವಿ ಹತ್ತಿರವೇ ಗೇರ್ ಬಾಕ್ಸ್ ಗುಂಯ್ ಎನ್ನಲು ಶುರುಮಾಡಿತ್ತು. ಆ ಸದ್ದು ಒಮ್ಮೆಲೇ ನಿಂತಿತು. ಆಮೇಲೆ ನನ್ನ ಕಾಲಡಿಯ ತಗಡಿಗೆ ಯಾರೋ ಕೆಳಗಿನಿಂದ ಹಾರೆಯಲ್ಲಿ ಹೊಡೆದ ಹಾಗೆ ಮೂರು ಪೆಟ್ಟು ಬಿದ್ದವು. ಮೂರನೆಯ ಪೆಟ್ಟಿಗೆ ನನ್ನ ಎರಡೂ ಪಾದ ಮೇಲಕ್ಕೆದ್ದವು. ಗಾಡಿ ಎಡಕ್ಕೆ ಎಳೆದುಕೊಂಡು ಹೋಗಿ ಜಾಲಿಗಿಡವೊಂದಕ್ಕೆ ಮೂತಿ ತಾಗಿಸಿ ನಿಂತಿತು.

ಯಾರಿಗೂ ಏನೂ ಆಗಲಿಲ್ಲ. ಅತ್ತೆ, "ಈಗ ಇಳೀಬೇಕೇನು?" ಎಂದು ಕೇಳಿದರು.

ಗೇರ್ ಬಾಕ್ಸಿನಿಂದ ಹಿಂದಿನ ಗಾಲಿಗಳವರೆಗೆ ಗಾಡಿಯ ಹೊಟ್ಟೆಯಡಿಯಲ್ಲಿ ಉದ್ದನೆಯ ಕಬ್ಬಿಣದ ಕೊಳವೆಯೊಂದು ತಿರುಗುತ್ತಿರುತ್ತದೆ. ಅದಕ್ಕೆ ಶಾಫ್ಟ್ ಎನ್ನುತ್ತಾರೆಂದು ನನಗೆ ಗೊತ್ತಾದದ್ದು ಅವತ್ತು. ಅದರ ಮುಂದಿನ ತುದಿ ಕಿತ್ತು ರಸ್ತೆಗೆ ಬಿದ್ದಿತ್ತು. ಟಾರಿನ ಮೇಲೆ ಅದು ಗೀರಿದ ಗುರುತು ಬಿಳಿಯಾಗಿ ಕಾಣುತ್ತಿತ್ತು. ನಾನು ನಡೆದು ನೋಡಿದೆ, ಹದಿನಾರು ಹೆಜ್ಜೆ ಇತ್ತು. ಯಾಕೆ ಅಳೆದೆನೋ ಗೊತ್ತಿಲ್ಲ. ಹೆದರಿದಾಗ ಎಣಿಸುವುದು ನನ್ನ ಅಭ್ಯಾಸ.

ಮನೆಯವರಿಗೆ ಆಗಲೇ ಒಬ್ಬ ಅಪರಾಧಿ ಸಿಕ್ಕಿದ್ದ. ತಿಂಗಳ ಹಿಂದೆ ನಮ್ಮೂರು ನ್ಯಾಮತಿಯ ಮೇಸ್ತ್ರಿ ಇದೇ ಗೇರ್ ಬಾಕ್ಸ್ ಇಳಿಸಿ ಕ್ಲಚ್ ಪ್ಲೇಟ್ ಬದಲಿಸಿದ್ದ. ಏರಿಸುವಾಗ ಆಯಿಲ್ ತಡೆಯುವ ರಬ್ಬರ್ ಸೀಲ್ ಸರಿಯಾಗಿ ಕೂರಿಸಿಲ್ಲ, ಆಯಿಲ್ ಎಲ್ಲ ಸೋರಿ ಒಳಗಿನ ಹಲ್ಲು ಒಣಗಿ ಹಿಡಿದುಕೊಂಡಿವೆ ಎಂದು ಅವರು ಜಾಲಿಗಿಡದ ಕೆಳಗೆ ನಿಂತೇ ತೀರ್ಮಾನಿಸಿದರು. ಅಲ್ಲಿಂದಲೇ ಚನ್ನಗಿರಿಯ ಇಬ್ಬರು ಅಡಿಕೆ ವ್ಯಾಪಾರಿಗಳಿಗೆ ಫೋನು ಮಾಡಿದರು. ಅವರ ಗಾಡಿಗಳೂ ನಮ್ಮವರ ಮಾತಿನ ಮೇಲೆ ಈ ಮೇಸ್ತ್ರಿಯ ಹತ್ತಿರವೇ ಬರುತ್ತಿದ್ದವು. "ಅವನ ಕೈಗೆ ಗಾಡಿ ಕೊಡಬ್ಯಾಡ್ರಪ್ಪ, ನಮ್ಮ ತಾಯೀನ ಸಾಯಿಸ್ತಿದ್ದ," ಎಂದರು. ಅವರು ಸುಳ್ಳು ಹೇಳುತ್ತಿರಲಿಲ್ಲ. ಅವರು ಅದನ್ನು ನಂಬಿದ್ದರು. ನಾನೂ ನಂಬಿದ್ದೆ.

ಮರುದಿನ ಅತ್ತೆಯ ಊರುಗೋಲು ಗಾಡಿಯಲ್ಲೇ ಉಳಿದಿದೆಯೆಂದು ತರಲು ಹೋದೆ. ಗಾಡಿಯನ್ನು ಕಟ್ಟಿ ಎಳೆಸಿಕೊಂಡು ಬಂದು ಅದೇ ಮೇಸ್ತ್ರಿಯ ಗ್ಯಾರೇಜಿನ ಗುಂಡಿಯ ಮೇಲೆ ನಿಲ್ಲಿಸಿದ್ದರು. ಬೇರೆ ಎಲ್ಲಿಗೆ ಒಯ್ಯಬೇಕೆಂದು ನಮ್ಮವರು ಇನ್ನೂ ಯೋಚಿಸುತ್ತಿದ್ದರು. ಮೇಸ್ತ್ರಿ ನಲವತ್ತು ದಾಟಿದವ, ಮೆಲ್ಲನೆ ಮಾತಾಡುತ್ತಾನೆ. ಗುಂಡಿಯಿಂದ ಮೇಲೆ ಬಂದು ನನ್ನ ಕೈಗೆ ಊರುಗೋಲು ಕೊಟ್ಟ. ಆಮೇಲೆ ಒಂದು ಕರಿ ಉಂಗುರದಂಥದ್ದನ್ನು ತೋರಿಸಿದ. ಬಳೆಯಷ್ಟು ಅಗಲ, ಹೆಬ್ಬೆರಳಿನಷ್ಟು ದಪ್ಪ, ಗ್ರೀಸಿನಲ್ಲಿ ನೆಂದು ಹಗ್ಗದ ಹಾಗೆ ಹೊಸೆದುಕೊಂಡಿತ್ತು. ಶಾಫ್ಟ್ ಗೇರ್ ಬಾಕ್ಸಿಗೆ ಸೇರುವ ಕಡೆ ಸುತ್ತಿಕೊಂಡು ರಬ್ಬರ್ ಸೀಲನ್ನು ಕೊಯ್ದುಹಾಕಿದೆ, ಆಯಿಲ್ ಸೋರಿದ್ದು ಅಲ್ಲಿಂದ ಎಂದ. ಅದರ ಒಂದು ಎಳೆ ಬಿಡಿಸಿ ಅಂಗೈ ಮೇಲಿಟ್ಟ.

"ಇದು ಹುರುಳಿ ಬಳ್ಳಿ ಅಕ್ಕಾರೆ. ಈ ಕಡೆ ರಸ್ತೆ ಮ್ಯಾಲೆ ಮೆಕ್ಕೆಜೋಳ ಒಣಗಿಸ್ತಾರೆ, ಹುರುಳಿ ಯಾರು ಹಾಕ್ತಾರೆ? ಗಾಡಿ ಎಲ್ಲಾರ ಹುರುಳಿ ಮ್ಯಾಲೆ ಓಡೈತೇನ್ರಿ?"

"ಗೊತ್ತಿಲ್ಲಪ್ಪ," ಎಂದೆ.

ಗೊತ್ತಿತ್ತು. ಅವನು ಕೇಳಿದ ಕ್ಷಣವೇ ಗೊತ್ತಾಯಿತು.

ನನ್ನ ತವರು ಜಗಳೂರು ತಾಲ್ಲೂಕಿನ ಬಿಳಿಚೋಡು. ಅಲ್ಲಿ ಕಣ ಮಾಡುವವರು ಈಗ ಕಡಿಮೆ. ಕಿತ್ತ ಹುರುಳಿಯನ್ನು ಬೆಳಿಗ್ಗೆ ರಸ್ತೆಗೆ ಹರವುತ್ತಾರೆ, ಹೋಗಿ ಬರುವ ಲಾರಿ ಬಸ್ಸುಗಳ ಗಾಲಿಯೇ ಕಾಳು ಉದುರಿಸುತ್ತದೆ. ಗಾಡಿ ಕೆಡುವ ಒಂಬತ್ತು ದಿನ ಮುಂಚೆ ನಾವು ಅಣ್ಣನ ಮನೆಗೆ ಹೋಗಿದ್ದೆವು. ಅವತ್ತು ಯಾಕೋ ಬಸ್ಸುಗಳು ಕಡಿಮೆ ಇದ್ದವು, ಹುರುಳಿ ಹರವಿದ ಹಾಗೇ ಬಿದ್ದಿತ್ತು. ಊಟವಾಗಿ ನಮ್ಮವರು ಒಳಗೆ ಮಲಗಿದ್ದರು. ಬ್ಯಾಗು ತೆಗೆಯಲೆಂದು ಗಾಡಿಯ ಕೀಲಿ ನನ್ನ ಕೈಯಲ್ಲಿತ್ತು.

"ತಂಗಿ, ಡ್ರೈವಿಂಗ್ ಲೈಸೆನ್ಸ್ ತಗೊಂಡೀನಿ ಅಂತಿದ್ದಿ. ನಾಕು ಸುತ್ತು ಹೊಡಿಯವ್ವ, ನೋಡಾನ," ಎಂದ ಅಣ್ಣ.

ಐವತ್ತೆರಡನೆಯ ವಯಸ್ಸಿಗೆ ಲೈಸೆನ್ಸ್ ತೆಗೆದುಕೊಂಡವಳು ನಾನು. ಎರಡು ವರ್ಷದಲ್ಲಿ ಓಡಿಸು ಎಂದು ಬಾಯಿಬಿಟ್ಟು ಹೇಳಿದವರು ಒಬ್ಬರೂ ಇರಲಿಲ್ಲ. ಹನ್ನೊಂದು ಸುತ್ತು ಹೊಡೆದೆ. ತಿರುಗಿಸಲು ಜಾಗ ಸಾಲದೆ ನಾಲ್ಕು ಸಲ ಹುರುಳಿಯ ಮೇಲೇ ರಿವರ್ಸ್ ಬಂದೆ. ಕವೆಕೋಲು ಹಿಡಿದು ಬಳ್ಳಿ ತಿರುವುತ್ತಿದ್ದ ಹೆಂಗಸರು ನಕ್ಕರು, ನಾನೂ ನಕ್ಕೆ. ಅತ್ತಿಗೆಯಂತೂ, "ಬಸ್ಸಿಗಿಂತ ನಮ್ಮ ನಾದಿನೀನೇ ಮೇಲು, ಕೈ ಮಾಡಿದ್ರೆ ನಿಲ್ಲಿಸ್ತಾಳೆ," ಎಂದಳು. ತಳದಲ್ಲಿ ಏನೋ ಉಜ್ಜುವ ಸದ್ದು ಕೇಳುತ್ತಿತ್ತು. ಬಳ್ಳಿ ತಾಗುತ್ತಿದೆ ಅಂದುಕೊಂಡೆ. ಊರಿಗೆ ಬಂದ ಮೇಲೆ ಅಂಗಳದ ಕಲ್ಲಿನ ಮೇಲೆ ಆಯಿಲ್ ಕಲೆ ಕಂಡಿತು. ಅತ್ತೆ ಜಾರಬಾರದೆಂದು ಅದರ ಮೇಲೆ ಹಳೆಯ ಗೋಣಿಚೀಲ ಹಾಸಿದೆ. ಅದನ್ನೂ ಯಾರಿಗೂ ಹೇಳಲಿಲ್ಲ.

ಮೇಸ್ತ್ರಿಗೆ ಗೊತ್ತಿಲ್ಲ ಎಂದ ಮೇಲೆ ಐದು ದಿನ ಹಾಗೇ ಕಳೆದೆ. ಹೇಳಿದರೆ ಕೀಲಿ ಇನ್ನೆಂದೂ ನನ್ನ ಕೈಗೆ ಬರುವುದಿಲ್ಲ ಎಂಬ ಭಯ ಒಂದು ಕಡೆ ಇತ್ತು. ಅತ್ತೆಯ ಮುಖ ನೋಡಲಾಗದು ಎಂಬುದು ಅದಕ್ಕಿಂತ ದೊಡ್ಡದಾಗಿತ್ತು. ಸೊಪ್ಪು ತರಲು ಹೋಗುವಾಗೆಲ್ಲ ಗ್ಯಾರೇಜಿನ ಮುಂದೆ ಹಾಯಬೇಕು. ಚನ್ನಗಿರಿಯ ಒಬ್ಬ ವ್ಯಾಪಾರಿಯ ಬಿಳಿ ಗಾಡಿ ಆಗಲೇ ಅಲ್ಲಿಂದ ಹೋಗಿತ್ತು. ಕೆಲಸ ಅರ್ಧವಾಗಿದ್ದ ಇನ್ನೊಬ್ಬರ ಗಾಡಿಯನ್ನೂ ಕಟ್ಟಿ ಎಳೆದುಕೊಂಡು ಹೋದರು. ಮೇಸ್ತ್ರಿ ಬಾಗಿಲಲ್ಲಿ ನಿಂತು ಕೈ ಒರೆಸಿಕೊಳ್ಳುತ್ತಾ ಅದನ್ನೇ ನೋಡುತ್ತಿದ್ದ. ಅವನು ಆ ಉಂಗುರವನ್ನು ನಮ್ಮವರಿಗೆ ತೋರಿಸಿರಲಿಲ್ಲ. ಗೋಡೆಯ ಮೊಳೆಗೆ ನೇತುಹಾಕಿದ್ದ.

ಆರನೆಯ ದಿನ ನಮ್ಮವರು ಗಾಡಿಯನ್ನು ಹೊನ್ನಾಳಿಗೆ ಒಯ್ಯಲು ಹೊರಟರು. ನಾನೂ ಬರುತ್ತೇನೆಂದೆ. ಗ್ಯಾರೇಜಿನಲ್ಲಿ ಅವರು ಮೇಸ್ತ್ರಿಗೆ, ಇಪ್ಪತ್ತು ವರ್ಷ ನಂಬಿದ್ದಕ್ಕೆ ಹೀಗೆ ಮಾಡಿದೆ ಎಂದರು. ಅವನು ವಾದಿಸಲಿಲ್ಲ.

"ನಾನು ಹಾಕಿದ ಸೀಲ್ ಸರಿ ಇತ್ತು ಅಣ್ಣಾರೆ. ಅಷ್ಟು ಮಾತ್ರ ಹೇಳ್ತೀನಿ," ಎಂದ. ನನ್ನ ಕಡೆ ನೋಡಲಿಲ್ಲ.

ನಾನು ಮೊಳೆಯಿಂದ ಉಂಗುರ ತೆಗೆದು ಬಾನೆಟ್ ಮೇಲಿಟ್ಟೆ. "ಇದು ನಮ್ಮಣ್ಣನ ಹುರುಳಿ. ನೀವು ಮಲಗಿದ್ರಿ, ಗಾಡಿ ಓಡಿಸಿದಾಕಿ ನಾನು."

ಅವರು ಅದನ್ನು ಮುಟ್ಟಲಿಲ್ಲ. "ಎಷ್ಟು ಸುತ್ತು?" ಎಂದರು.

"ಹನ್ನೊಂದು."

"ರಿವರ್ಸ್ ಬಂದಿದ್ರೇನ್ರಿ?" ಮೇಸ್ತ್ರಿ ಮೆಲ್ಲಗೆ ಕೇಳಿದ.

"ನಾಕು ಸಲ."

"ಟ್ರ್ಯಾಕ್ಟರ್ ಕೆಲಸ ಮಾಡ್ಸೀರಿ ಬಿಡ್ರಿ," ಎಂದು ಅವನು ಗುಂಡಿಗೆ ಇಳಿದ. ಗಾಡಿ ಹೊನ್ನಾಳಿಗೆ ಹೋಗಲಿಲ್ಲ.

ನಮ್ಮವರು ನನ್ನ ಮೇಲೆ ಕೂಗಾಡಲಿಲ್ಲ. ಮನೆಗೆ ನಡೆದು ಬರುವಾಗ ನಾಲ್ಕು ಹೆಜ್ಜೆ ಮುಂದಿದ್ದರು. ಸಂಜೆ ಜಗುಲಿಯ ಮೇಲೆ ಕೂತು ಇಬ್ಬರು ವ್ಯಾಪಾರಿಗಳಿಗೂ ಫೋನು ಮಾಡಿ, ಗಾಡಿ ಹುರುಳಿಯ ಮೇಲೆ ಓಡಿತ್ತು, ಮೇಸ್ತ್ರಿಯ ತಪ್ಪಿಲ್ಲ ಎಂದರು. ಓಡಿಸಿದ್ದು ಯಾರೆಂದು ಹೇಳಲಿಲ್ಲ. ಅದು ನನಗಾಗಿಯೋ ತಮಗಾಗಿಯೋ, ನಾನು ಕೇಳಿಲ್ಲ. ಅತ್ತೆಗೆ ನಾನೇ ಹೇಳಿದೆ. ಅವರು, "ಕಾಳು ಎಲ್ಲ ಉದುರಿತ್ತೇನು?" ಎಂದರು, ಅಷ್ಟೇ.

ಬಿಳಿ ಗಾಡಿ ತಿಂಗಳೊಳಗೆ ಮೇಸ್ತ್ರಿಯ ಹತ್ತಿರ ವಾಪಸ್ಸು ಬಂತು. ಇನ್ನೊಂದು ಬರಲಿಲ್ಲ. ಅದರ ಯಜಮಾನರು ಮೊನ್ನೆ ನಮ್ಮ ಮನೆಗೆ ಬಂದಿದ್ದರು. ಕಾಫಿ ಕೊಡುತ್ತಾ, ಗಾಡಿ ಓಡಿಸಿದ್ದು ನಾನೇ, ಮೇಸ್ತ್ರಿಯದು ಏನೇನೂ ತಪ್ಪಿಲ್ಲ ಎಂದು ಬಿಡಿಸಿ ಹೇಳಿದೆ. ಅವರು ಬೇಸರವಿಲ್ಲದೆ ಕೇಳಿಸಿಕೊಂಡರು.

"ಇರ್ಲಿ ಬಿಡ್ರಿ ಅತ್ತಿಗೆ. ನಮ್ಮ ಗಾಡಿ ಈಗ ಹೊನ್ನಾಳಿ ಮೇಸ್ತ್ರಿ ಕೈಗೆ ಒಗ್ಗಿ ಹೋಗೈತೆ," ಎಂದು ಲೋಟ ಕೆಳಗಿಟ್ಟರು.