ಹಳೆಯ ಫೋನುಗಳ ಡ್ರಾಯರ್

ಲಿಂಗಸುಗೂರಿನಲ್ಲಿ ನಾವು ಅಂಗಡಿ, ಲ್ಯಾಬುಗಳಿಗೆ ವೆಬ್‌ಸೈಟ್ ಮಾಡಿಕೊಡುತ್ತಿದ್ದಾಗ ನಮ್ಮ ಕೋಡ್ ತಪಾಸಣೆ ಮಾಡುತ್ತಿದ್ದವರು ಒಬ್ಬ ಮೇಡಂ. ಯಾರು ಹೊಸ ಫೋನ್ ಕೊಂಡರೂ ಹಳೆಯದನ್ನು ಕೇಳಿ ಪಡೆದು ಡ್ರಾಯರಿಗೆ ಹಾಕಿಕೊಳ್ಳುತ್ತಿದ್ದರು. ನಾನು ಕೆಲಸ ಮುಗಿಯಿತು ಅಂದಾಗಲೆಲ್ಲ ಗಾಜು ಒಡೆದ ಒಂದನ್ನು ನನ್ನತ್ತ ನೂಕಿ, "ಇದ್ರಾಗೂ ಸೈಟ್ ತೆಗೆದು ನೋಡ್ರಿ" ಅನ್ನುತ್ತಿದ್ದರು. ನನಗೆ ರೇಗುತ್ತಿತ್ತು.

ಒಮ್ಮೆ ಕೆಳಗಿನ ಮಹಡಿಯ ಲ್ಯಾಬಿನವರು ಹಟ್ಟಿ ಊರಿನ ಅಜ್ಜಿಯೊಬ್ಬರನ್ನು ನಮ್ಮಲ್ಲಿಗೆ ಕಳಿಸಿದರು. ಲ್ಯಾಬಿಗೆ ನಾವು ಮಾಡಿಕೊಟ್ಟ ಸೈಟಿನಲ್ಲಿ ರಕ್ತಪರೀಕ್ಷೆಯ ವರದಿ ತೋರಿಸುವ ಬಟನ್ ನಮ್ಮ ಕಂಪ್ಯೂಟರಿನಲ್ಲಿ ಸರಿಯಿತ್ತು; ಅಜ್ಜಿಯ ಫೋನಿನಲ್ಲಿ ಎಷ್ಟು ಒತ್ತಿದರೂ ಸುಮ್ಮನಿತ್ತು.

"ನನ್ನ ಫೋನ್ ಹಳೇದು ಆಗ್ಯಾದವ್ವ, ಅದರದ ತಪ್ಪು," ಅಂದರು ಅಜ್ಜಿ.

ಮೇಡಂ ಫೋನನ್ನು ಸೆರಗಿನಿಂದ ಒರೆಸಿ, ಕೇಬಲಿನಿಂದ ಕಂಪ್ಯೂಟರಿಗೆ ಹಚ್ಚಿ ನೋಡಿದರು. ಪುಟದಲ್ಲಿ ಬಟನ್ ಹುಡುಕಲು ನಾವು ಬರೆದಿದ್ದ ಹೊಸ ಮಾದರಿಯ ಸಾಲು ಆ ಹಳೆಯ ಬ್ರೌಸರಿಗೆ ಅರ್ಥವಾಗಿರಲಿಲ್ಲ. ಕೋಡ್ ಅಲ್ಲಿಗೇ ನಿಂತುಬಿಟ್ಟಿತ್ತು. ಮೇಡಂ ಆ ಸಾಲನ್ನು ಅಳಿಸಿ, ಬಟನ್ನಿಗೆ ಇಟ್ಟ ಗುರುತಿನ ಹೆಸರು, ಅಂದರೆ ಐಡಿ, ಹಿಡಿದು ಹುಡುಕುವ ಹಳೆಯ ಸಾಲನ್ನೇ ಬರೆದರು. ವರದಿ ತೆರೆದುಕೊಂಡಿತು.

"ಫೋನ್ ಚಲೋನ ಐತ್ಬೇ ಯಮ್ಮ. ಅದಕ್ಕ ತಿಳಿಯೋ ಹಂಗ ನಾವ ಹೇಳಿದ್ದಿಲ್ಲ," ಎಂದು ಎರಡೂ ಕೈಯಲ್ಲಿ ಹಿಡಿದು ವಾಪಸು ಕೊಟ್ಟರು.

ಅಂಥ ಫೋನ್ ನಮ್ಮ ಡ್ರಾಯರಿನಲ್ಲಿ ಇರಲಿಲ್ಲ. ಆದರೂ ಅಜ್ಜಿಯ ಅದೊಂದನ್ನು ಮಾತ್ರ ಮೇಡಂ ಕೇಳಲಿಲ್ಲ.