ಸೀರೆಯಂಚಿಗೆ ಹತ್ತುವ ‘ಕಾರಭಾರಿ’

ಇನ್‌ಸ್ಪೆಕ್ಟರ್ ಸಾಹೇಬರು ಸಾಲಿ ತಪಾಸಣೆಗೆ ಬಂದಾಗ ನನ್ನ ಹಾಳೆಯ ಮೇಲೆ ಬೆರಳಿಟ್ಟು, “ಈ ಬೀಜಕ್ಕೆ ಕಾರಭಾರಿ ಅಂತ ಯಾಕೆ ಬರೆದೀ?” ಅಂದರು.

“ಹಿಂದಿಂದ ಬಂದು ಹತ್ತತೈತ್ರಿ,” ಅಂದೆ.

ಇಡೀ ಕ್ಲಾಸು ನಕ್ಕಿತು. ಬಾಗಿಲಲ್ಲಿ ಸಾಹೇಬರಿಗೆ ತಂದ ಚಹಾದ ಕಿಟ್ಲಿ ಹಿಡಿದು ನಿಂತಿದ್ದ ಒಬ್ಬರು ಮಾತ್ರ ನಗಲಿಲ್ಲ. ಅವರೇ ಕಾರಭಾರಿ.

ಅರವತ್ತರ ದಶಕದ ಶುರು. ಹಿರೇಕೆರೂರು ತಾಲೂಕಿನ ನಮ್ಮ ಹಳ್ಳಿ ಸಾಲಿಯಲ್ಲಿ ನಾನಾಗ ಐದನೇ ಇಯತ್ತೆ. ಬಟ್ಟೆಗೆ ಹತ್ತೋ ಬೀಜ ತಂದು, ಹಾಳೆಗೆ ಅಂಟಿಸಿ, ಹೆಸರು ಬರೀರಿ ಅಂತ ಮಾಸ್ತರರು ಹೇಳಿದ್ದರು.

ನನಗೆ ಅದಕ್ಕಿಂತ ಸುಲಭದ ಕೆಲಸ ಇರಲಿಲ್ಲ. ಕಳೆ ತೆಗೆದು ಬಂದ ಹೆಣ್ಣುಮಕ್ಕಳು ಸಂಜೆ ನಮ್ಮ ಕಟ್ಟೆಗೆ ಕುಂತು, ಒಬ್ಬರ ಸೀರೆಯಂಚು ಇನ್ನೊಬ್ಬರು ಹಿಡಿದು ಬೀಜ ಕೀಳುತ್ತಿದ್ದರು. ಕೀಳೋದು, ಬೈಯೋದು, ನಗೋದು...

ಉತ್ತರಾಣಿ, ನೆಗ್ಗಿಲಮುಳ್ಳು, ಮರುಳುಮತ್ತಿ. ಎಲ್ಲಾ ಆ ಕಟ್ಟೆಯ ಮೇಲೆ ಕಲಿತದ್ದು.

ಇನ್ನೊಂದು ಇತ್ತು. ಕಪ್ಪಗೆ, ಸೂಜಿಯಂಥದ್ದು, ತುದಿಗೆ ಎರಡು ಕೊಂಡಿ. ಯಾವಾಗ ಹತ್ತಿತು ಅಂತ ಗೊತ್ತೇ ಆಗೋದಿಲ್ಲ. ಅದಕ್ಕೆ ಅವರೆಲ್ಲ ‘ಕಾರಭಾರಿ’ ಅನ್ನುತ್ತಿದ್ದರು. ನಾನೂ ಹಾಗೇ ಬರೆದೆ. ಬೇರೆ ಹೆಸರಿದೆ ಅಂತ ನನಗೆ ಯಾರು ಹೇಳಿದ್ದರು?

ಕಾರಭಾರಿ ಅಂದರೆ ಊರಿನ ದೊಡ್ಡ ಹೊಲದವರ ಆಳುಗಳ ಮೇಲೆ ನಿಗಾ ಇಡುವವರು. ನಮಗೆ ಸ್ವಂತ ಹೊಲ ಇರಲಿಲ್ಲ. ಅವರು ಕರೆದರೆ ಅವ್ವನಿಗೆ ಕೆಲಸ, ನಮ್ಮ ಒಲೆಗೆ ಬೆಂಕಿ.

ಮರುದಿನ ಸಾಲಿ ಸೂಟಿ. ಬುತ್ತಿಗಂಟು ಹಿಡಿದು ಅವ್ವನ ಹಿಂದೆ ನಾನೂ ಹತ್ತಿ ಹೊಲಕ್ಕೆ ಹೋದೆ. ಬದುವಿನಲ್ಲೇ ಕಾರಭಾರಿ ತಡೆದರು.

“ನಿನ್ನ ಮಗಳು ಭಾಳ ಶ್ಯಾಣ್ಯಾ ಆಗ್ಯಾಳ. ಸುಳ್ಳ ಬರದೇನಿ, ತಪ್ಪಾತು ಅಂತ ಎಲ್ಲಾರ ಮುಂದ ಹೇಳ್ಲಿ. ಇಲ್ಲಾಂದ್ರ ನಾಳಿಂದ ನೀನು ಈ ಹೊಲಕ್ಕ ಬರಬ್ಯಾಡ.”

ತಪ್ಪಾಯಿತು ಅನ್ನೋಕೆ ಬಾಯಿ ತೆಗೆದೆ. ಅವ್ವ ನನ್ನ ಹೆಗಲ ಮೇಲೆ ಕೈ ಇಟ್ಟಳು.

“ಆಕಿ ಬರದಾಳ ಅಷ್ಟರಿ. ಹೆಸರ ಇಟ್ಟಾಕಿ ನಾನು.”

“ಯಾಕ ಇಟ್ಟಿ?”

“ನಾವು ಬಗ್ಗಿ ಕಳೆ ತೆಗಿಯುಮುಂದ ನೀವು ಹಿಂದ ಬಂದು ಸೀರಿಗೆ ಹತ್ತೂವಷ್ಟು ಸನೇಕ ನಿಂದರತೀರಿ. ಅದಕ್ಕ ಇಟ್ಟೇನ್ರಿ. ನಾಳಿಂದ ಬದುವಿನ ಮ್ಯಾಲೆ ನಿಂತು ನೋಡ್ರಿ.”

ಎಲ್ಲರೂ ಮನಸ್ಸಿನಲ್ಲಿ ಇಟ್ಟುಕೊಂಡಿದ್ದ ಮಾತು ಹಗಲು ಬೆಳಕಿನಲ್ಲಿ ಹೊರಗೆ ಬಿದ್ದಿತ್ತು.

ಕಳೆ ತೆಗೆಯುತ್ತಿದ್ದವರಲ್ಲಿ ಎಲ್ಲರಿಗಿಂತ ಹಿರಿಯಳು ನೀಲವ್ವ. ಕುರ್ಪಿಯನ್ನು ನಡುವಿಗೆ ಸಿಗಿಸಿಕೊಂಡಳು.

“ನಡೀರಬೇ. ಮಾಸೂರ ಕಡೆ ಭತ್ತ ಕೊಯ್ಯಾಕ ಮಂದಿ ಬೇಕಂತ. ಅಲ್ಲಿ ಬರೇ ಬಿಸಲ ಕಾಡತೈತಿ.”

ಒಬ್ಬೊಬ್ಬರೇ ಎದ್ದು ಹೊರಟರು. ಕಾರಭಾರಿ ಹೊಲದ ನಡುವೆ ಒಬ್ಬರೇ ಉಳಿದರು.

ಮಾಸೂರು ಏನು ಹತ್ತಿರ ಅಲ್ಲ. ನಸುಕಿಗೆ ಎದ್ದು ನಡೆಯಬೇಕು, ದೀಪ ಹಚ್ಚೋ ಹೊತ್ತಿಗೆ ಮನೆ. ಅವ್ವನ ಪಾದ ಬಾತುಕೊಂಡವು. ನಾನು ಬರೆದದ್ದಕ್ಕೆ ಹೀಗಾಯಿತು ಅಂತ ಅತ್ತರೆ, “ಖರೇ ಬರದಿ. ಇನ್ನೊಮ್ಮಿ ಕೇಳಿದ್ರ ಇನ್ನೊಮ್ಮಿ ಬರಿ,” ಅಂದಳು.

ಎಂಟು ದಿನದಲ್ಲಿ ಆ ಹೊಲದಲ್ಲಿ ಹತ್ತಿ ಯಾವುದು, ಕಳೆ ಯಾವುದು ತಿಳಿಯದಂತಾಯಿತು. ಹೊಲದ ಯಜಮಾನರೇ ನಮ್ಮ ಕಟ್ಟೆಗೆ ಬಂದರು.

“ಕೆಲಸಕ್ಕ ಬಾರವಾ ತಂಗಿ. ಆಂವ ಇನ್ನ ಬದುವಿನ ಮ್ಯಾಲ ಇರತಾನ.”

“ಬರ್ತೇವ್ರಿ,” ಅಂದಳು ಅವ್ವ.

“ಮತ್ತ ಆ ಹೆಸರ?”

“ಒಂದ ಸುಗ್ಗಿ ನೋಡೂಣ್ರಿ.”

ಸುಗ್ಗಿ ಮುಗಿಯಿತು. ಕಾರಭಾರಿ ಬದು ಇಳಿಯಲಿಲ್ಲ. ಅವ್ವ ಹೆಸರು ಬಿಡಲಿಲ್ಲ.

ಮೊನ್ನೆ ಮೊಮ್ಮಗಳು ಮೊಬೈಲಿನಲ್ಲಿ ಹುಡುಕಿ, ಆ ಗಿಡದ ಪುಸ್ತಕದ ಹೆಸರು ಓದಿ ಹೇಳಿದಳು. ಕೇಳಿಸಿಕೊಂಡೆ. ಬರೆದುಕೊಳ್ಳಲಿಲ್ಲ.

ನಿಮ್ಮ ಓಣಿಯ ಹೆಣ್ಣುಮಕ್ಕಳು ಅದಕ್ಕೆ ಯಾರ ಹೆಸರು ಇಟ್ಟಿದ್ದರು?