ಕಾಕೂ ಸಾಕಿದ ಕಳ್ಳಿ

ಕಿಟಕಿಯಲ್ಲಿದ್ದ ಕಳ್ಳಿಯ ಕುಂಡ ಎತ್ತಿದೆ, ಕೊಳೆತ ಸೌತೆಕಾಯಿಯಂಥ ವಾಸನೆ ಗಪ್ಪನೆ ಮೂಗಿಗೆ ಬಡಿಯಿತು. ಮೊಮ್ಮಗಳು ತಂದಿಟ್ಟ ಗಿಡ, ಮಳೆಯ ಎರಚಲು ಬಿದ್ದು ಬುಡ ಮೆತ್ತಗಾಗಿತ್ತು. ಅದನ್ನು ಚೆಲ್ಲಿ ಕೈ ತೊಳೆದುಕೊಂಡೆ. ಆದರೂ ಆ ದಿನವೆಲ್ಲ ಯಾವ ಕೆಲಸದಲ್ಲೂ ಮನಸ್ಸು ನಿಲ್ಲಲಿಲ್ಲ. ಬೆಳಗಾವಿಯ ದಂಡಿನ ಕ್ಯಾಂಪಿನಲ್ಲಿ ನಮ್ಮ ಬಾಜೂ ಮನೆಯಲ್ಲಿದ್ದ ಹಿರಿಯಾಕೆ, ನಾವೆಲ್ಲ ಕಾಕೂ ಎನ್ನುತ್ತಿದ್ದವರು, ಕಣ್ಣ ಮುಂದೆ ಬರುತ್ತಲೇ ಇದ್ದರು...

ಇಪ್ಪತ್ತರ ದಶಕದ ಮಾತು. ನಾನಾಗ ಹೊಸದಾಗಿ ಮದುವೆಯಾಗಿ ಬಂದವಳು. ಕಾಕೂನ ಯಜಮಾನರು ಗೋರಾ ಸಾಹೇಬನೊಬ್ಬನ ಕೈಕೆಳಗೆ ಕಾರಕೂನರು. ಸಾಹೇಬ ವಿಲಾಯತಿಗೆ ಹೊರಟಾಗ ಮೇಮಸಾಹೇಬರು ತಮ್ಮ ಕಳ್ಳಿಯನ್ನು ಕಾಕೂಗೆ ಕೊಟ್ಟು ಹೋದರು. ಎಲ್ಲೋ ದೂರದ ಮರುಭೂಮಿಯದಂತೆ. ತೆಂಗಿನಕಾಯಿಯಷ್ಟು ಗುಂಡಗೆ, ಮೈತುಂಬ ಹಳದಿ ಮುಳ್ಳು. ಮುಳ್ಳಿನ ಗಿಡ ಮನೆಯ ಮುಂದೆ ಇರಬಾರದೆಂದು ಕಾಕೂ ಅದನ್ನು ಹಿತ್ತಲ ಸೂರಿನ ಕೆಳಗೆ ಇಟ್ಟರು.

ಕಾಕೂಗೆ ಸುಮ್ಮನಿರುವುದೆಂದರೆ ಆಗದು. ಬೇಯುವ ಅನ್ನದ ಮುಚ್ಚಳ ತೆಗೆತೆಗೆದು ನೋಡುವವರು. ಪೂಜೆಯ ನೀರನ್ನು ಯಾರೂ ತುಳಿಯಬಾರದಲ್ಲ, ತುಳಸಿಗೆ ಹಾಕಿ ಉಳಿದದ್ದನ್ನು ದಿನಾ ಕಳ್ಳಿಗೆ ಸುರಿಯುವರು. ಬೇರು ಬಿಟ್ಟಿದೆಯೋ ಇಲ್ಲವೋ ಎಂದು ಕಿತ್ತು ನೋಡುವರು. ಗಿಡ ಒಂದು ಮಗ್ಗುಲಿಗೆ ಮೆತ್ತಗಾಯಿತು. ಯಜಮಾನರು ಬೈದು, ಮೇಮಸಾಹೇಬರು ಹೇಳಿ ಹೋದದ್ದನ್ನೆಲ್ಲ ನೆನಪಿಸಿದರು. ಗೋಣಿತಾಟಿನಲ್ಲಿ ಹಿಡಿದು ಕಿತ್ತು, ಕೊಳೆತದ್ದನ್ನು ಕೊಯ್ದು, ಗಾಯ ಒಣಗಲು ಬಿಡಬೇಕು. ಕುಂಡದ ತಳಕ್ಕೆ ಒಡೆದ ಮಡಕೆಯ ಚೂರು, ಮೇಲೆ ಹೊಳೆಯ ಉಸುಕು, ಇಟ್ಟಂಗಿ ಪುಡಿ, ತುಸುವೇ ಮಣ್ಣು. ಅದೆಲ್ಲ ಪೂರ್ತಿ ಒಣಗಿದ ಮೇಲಷ್ಟೇ ನೀರು. ಮಳೆಗಾಲದಲ್ಲಂತೂ ಹನಿಯೂ ಬೇಡ, ಮುಟ್ಟುವುದೂ ಬೇಡ.

ಕಾಕೂ ಹಾಗೇ ಮಾಡಿದರು. ಮಡಕೆಯ ಚೂರು ಬಂದದ್ದು ಖಾನಾಪುರದ ಕುಂಬಾರರಿಂದ. ಕಾಕೂನ ಒಬ್ಬಳೇ ಮಗಳನ್ನು ಕೊಟ್ಟದ್ದು ಅದೇ ಊರಿಗೆ. ಚಟ್ನಿಪುಡಿ ಮುಗಿದಿರಬೇಕು, ಕೌದಿ ಹರಿದಿರಬೇಕು ಎಂದು ಏನಾದರೂ ನೆವ ತೆಗೆದು ಕಾಕೂ ರೈಲು ಹತ್ತುವರು. ಬೀಗರಿಗೆ ಇದು ಸರಿಬರಲಿಲ್ಲ. ಸೊಸೆ ಸಂಸಾರ ಕಲಿಯುವುದು ಯಾವಾಗ ಎಂದು ಮುಖ ಗಂಟಿಕ್ಕಿದರು.

ಆ ಬೇಸಿಗೆಯಲ್ಲಿ ಕಳ್ಳಿ ಗಟ್ಟಿಯಾಗಿ, ನೆತ್ತಿಯಲ್ಲಿ ಎಳೆಯ ಮುಳ್ಳು ಮೂಡಿತು. ಯಜಮಾನರು ಅದನ್ನೇ ತೋರಿಸಿದರು.

"ನೀ ಮುಟ್ಟೂದು ಬಿಟ್ಟಿ, ಅದು ನೆಟ್ಟಗಾತು. ಹುಡುಗಿನ್ನೂ ಹಂಗ ಬಿಡು. ಮಳಿ ಮುಗಿಯೂ ಮಟಾ ಖಾನಾಪುರದ ಹೆಸರ ತಗೀಬ್ಯಾಡ."

ಕಾಕೂ ಒಪ್ಪಿದರು. ಆದರೆ ಆ ಮಳೆಗಾಲ ಅವರು ಪಟ್ಟ ಪಾಡು ನನಗೆ ಗೊತ್ತು. ರೈಲಿನ ಸೀಟಿ ಕೇಳಿದರೆ ಎದ್ದು ನಿಲ್ಲುವರು. ಹಿತ್ತಲಿಗೆ ಹೋಗಿ ಕಳ್ಳಿಯ ಮುಂದೆ ಕೈಕಟ್ಟಿ ನಿಂತು ಬರುವರು. ಮಗಳಿಗೆ ಜ್ವರವೆಂದು ಆ ಊರಿನಿಂದ ಬಂದವರೊಬ್ಬರು ಹೇಳಿದಾಗ ಬಟ್ಟೆಯ ಗಂಟು ಕಟ್ಟಿದರು, ಮತ್ತೆ ಬಿಚ್ಚಿದರು.

"ಮಳಿಗಾಲದಾಗ ಖಾನಾಪುರದಾಗ ಯಾರಿಗೆ ಜ್ವರ ಬರೂದಿಲ್ಲ, ತಂಗಿ? ಈ ಸಲ ನಾ ಸುಮ್ಮ ಇರತೇನಿ," ಎಂದರು ನನಗೆ.

ಅದು ಮಲೇರಿಯಾ. ಬೀಗರ ಕರೆ ಬಂದು ಕಾಕೂ ಹೋಗಿ ಮುಟ್ಟುವಷ್ಟರಲ್ಲಿ ಮಗಳು ತೀರಿಕೊಂಡಿದ್ದಳು. ಕೊನೆಯವರೆಗೂ ಅವ್ವ ಬಂದಳೇನು ಎಂದು ಕೇಳುತ್ತಿದ್ದಳಂತೆ...

ತಿರುಗಿ ಬಂದ ಕಾಕೂ ಕಳ್ಳಿಯನ್ನು ಎತ್ತಿ ಸುರಿಯುವ ಮಳೆಯಲ್ಲಿಟ್ಟರು. ಯಜಮಾನರು ತಡೆಯಲಿಲ್ಲ. ವಾಸನೆ ಬರತೊಡಗಿದಾಗ ಅದನ್ನು ಒಯ್ದು ಎಸೆದು ಬಂದವಳು ನಾನು. ಮುಂದೆ ಕಾಕೂ ಎಂದೂ ರೈಲು ಹತ್ತಲಿಲ್ಲ. ಕೂತಲ್ಲೇ ತಾಸುಗಟ್ಟಲೆ ಕೂರುವರು. ಅನ್ನ ಸೀದರೂ ಏಳುತ್ತಿರಲಿಲ್ಲ. ಅವರನ್ನು ಹಾಗೆ ನೋಡಲು ನನ್ನಿಂದ ಆಗುತ್ತಿರಲಿಲ್ಲ.

ಕಾಕೂ ಹೋಗಿ ಎಷ್ಟೋ ವರ್ಷವಾಯಿತು. ಆ ಮನೆಯೂ ಈಗಿಲ್ಲ. ನಿನ್ನೆ ಧಾರವಾಡದಿಂದ ನನ್ನ ಮಗಳು ಫೋನ್ ಮಾಡಿದ್ದಳು. ಮೈ ತುಸು ಬಿಸಿಯಾಗಿದೆ ಅಷ್ಟೇ, ಈ ಮಳೆಯಲ್ಲಿ ನೀನೇನೂ ಬರಬೇಡ ಎಂದಳು. ಆಯಿತು ಎಂದೆ. ಇದನ್ನು ಧಾರವಾಡದ ಬಸ್ಸಿನಲ್ಲಿ ಕೂತು ಬರೆಯುತ್ತಿದ್ದೇನೆ.